ಕಂಬಳಿ ತೆಗೆದವರು

ನಮ್ಮೂರಿನಲ್ಲಿ ಯಾರನ್ನೇ ಕೇಳಿ, ಮಾಸ್ತರರ ಕಥೆಯನ್ನು ಒಂದೇ ರೀತಿ ಹೇಳುತ್ತಾರೆ. ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಕಾಲ ಮುಗಿದು, ಚಾವಡಿ ಪಕ್ಕದ ಉರ್ದು ಸಾಲಿ ಕನ್ನಡ ಸಾಲಿಯಾದ ಹೊಸತು. ಕೇರಿಯ ಮಕ್ಕಳನ್ನು ಮುಟ್ಟಬಾರದೆಂದು ಬಾಗಿಲ ಹೊರಗೆ ಕೂಡ್ರಿಸುತ್ತಿದ್ದರು. ಮಾಸ್ತರರು ಬಂದವರೇ ತಮ್ಮ ಮನೆಯಿಂದ ಉದ್ದನೆಯ ಕರಿ ಕಂಬಳಿ ತಂದು ಸಾಲಿಯ ತುಂಬ ಹಾಸಿದರು. ಕಂಬಳಿಗೆ ಮೈಲಿಗೆ ತಟ್ಟುವುದಿಲ್ಲವೆಂದು ನಮ್ಮ ಕಡೆ ಎಲ್ಲ ಜಾತಿಯವರೂ ಒಪ್ಪುತ್ತಾರೆ. ಹಾಗಾಗಿ ಗೌಡರ ಮಗನೂ ಕೇರಿಯ ಹುಡುಗನೂ ಒಂದೇ ಕಂಬಳಿಯ ಮೇಲೆ ಕೂತರು. ಜಗಳವಿಲ್ಲ, ಪೊಲೀಸರಿಲ್ಲ. ಮುಂದೆ ಮಾಸ್ತರರ ತಾಯಿಗೆ ಚಳಿ ಹತ್ತಿ ಕಂಬಳಿ ವಾಪಸು ಹೋಯಿತು. ಅಷ್ಟೊತ್ತಿಗೆ ಎಲ್ಲರಿಗೂ ರೂಢಿಯಾಗಿತ್ತು. ಎಂಥಾ ಶಾಣ್ಯಾ ಮನುಷ್ಯ, ಕಂಬಳಿ ಮಾಸ್ತರ!

ಈ ಕಥೆಗೆ ನನ್ನ ತಕರಾರಿದೆ. ಕೇರಿಯ ಆ ಹುಡುಗ ನಾನೇ ಆದ್ದರಿಂದ ತಕರಾರಿನ ಹಕ್ಕೂ ಇದೆ ಎಂದುಕೊಂಡಿದ್ದೇನೆ.

ಮೊದಲನೆಯದು, ಕಂಬಳಿ ಎದ್ದು ಹೋದದ್ದು ಯುಗಾದಿಯ ಮುಂದಿನ ಬಿಸಿಲಿನಲ್ಲಿ. ಶಹಾಪುರದ ಗುಡ್ಡದ ಬಂಡೆಗಳು ಹಂಚಿನಂತೆ ಕಾಯುವ ಆ ದಿನಗಳಲ್ಲಿ ಯಾವ ಮುದುಕಿಗೂ ಚಳಿ ಹತ್ತುವುದಿಲ್ಲ. ಎರಡನೆಯದು, ರೂಢಿಯಾಗಿತ್ತು ಎಂಬ ಮಾತು. ಏನು ರೂಢಿಯಾಗಿತ್ತು? ನಾವು ರೂಢಿಯಾಗಿದ್ದೆವೋ, ಕಂಬಳಿ ರೂಢಿಯಾಗಿತ್ತೋ? ಗುಲಬರ್ಗಾದ ಕಾಲೇಜಿನ ಚರ್ಚಾಕೂಟದಲ್ಲಿ ಇಂಥ ಪ್ರಶ್ನೆ ಕೇಳಿದರೆ ಚಪ್ಪಾಳೆ ಬೀಳುತ್ತದೆ. ಊರಲ್ಲಿ ಕೇಳಿದರೆ, ‘ತಮ್ಮ ಬಾಳ ಓದ್ಯಾನ’ ಎನ್ನುತ್ತಾರೆ.

ಮಾಸ್ತರರ ಹೆಸರನ್ನು ಬರೆಯುವುದಿಲ್ಲ. ಹೆಸರು ಹೇಳಿದ ಕೂಡಲೆ ಊರವರು ಅದರ ಹಿಂದೆ ಕಂಬಳಿ ಜೋಡಿಸುತ್ತಾರೆ. ಅದು ಅವರಿಗೆ ಸೇರುತ್ತಿರಲಿಲ್ಲ.

ಅವರು ತಿಂಥಣಿಯ ಕಡೆಯವರು. ಕೃಷ್ಣೆಯ ದಂಡೆಗುಂಟ ಕುರಿ ಕಾಯುವ, ಕಂಬಳಿ ನೇಯುವ ಮನೆತನ. ಆ ಮನೆಯಲ್ಲಿ ಅಕ್ಷರ ಕಲಿತ ಮೊದಲಿಗರು, ಅದೂ ಸುರಪುರದಲ್ಲಿ, ಉರ್ದುವಿನಲ್ಲಿ. ಕನ್ನಡ ಆಡುವ ಭಾಷೆಯಾಗಿತ್ತೇ ಹೊರತು ಬರೆಯುವ ಭಾಷೆಯಾಗಿರಲಿಲ್ಲ. ಹೀಗಾಗಿ ಹಲಗೆಯ ಮೇಲೆ ಒಮ್ಮೊಮ್ಮೆ ಬಲಗಡೆಯ ತುದಿಯಿಂದ ಶುರು ಮಾಡಿ, ಸುಣ್ಣದ ಕಡ್ಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ‘ಥೂ ಇವನ’ ಎಂದು ತಮ್ಮನ್ನೇ ಬೈದುಕೊಂಡು ಎಡಗಡೆಗೆ ಹೋಗುತ್ತಿದ್ದರು. ಆಡಲು ಬಿಟ್ಟ ನಮ್ಮನ್ನು ಒಳಗೆ ಕರೆಯಲು ಗಂಟೆ ಬಾರಿಸುತ್ತಿರಲಿಲ್ಲ. ಕುರಿಗಳಿಗೆ ಮಾಡುವಂತೆ ನಾಲಿಗೆಯಿಂದ ಲೊಚಗುಟ್ಟುತ್ತಿದ್ದರು. ನಾವೂ ಹಾಗೇ ಓಡಿ ಬರುತ್ತಿದ್ದೆವು.

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಬಲಗೈಯ ಎರಡು ಬೆರಳು. ಯಾರು ಏನು ಹೇಳಿದರೂ ಹೆಬ್ಬೆರಳನ್ನು ತೋರುಬೆರಳಿಗೆ ಹಚ್ಚಿ ಸಣ್ಣಗೆ ಹೊಸೆಯುತ್ತಿದ್ದರು, ಸಂತೆಯಲ್ಲಿ ಉಣ್ಣೆ ನೋಡುವವರ ಹಾಗೆ. ಮಾತು ಒಪ್ಪಿಗೆಯಾದರೆ ಬೆರಳು ನಿಲ್ಲುತ್ತಿತ್ತು. ಆಗದಿದ್ದರೆ, ‘ಕೈಗಿ ಸಿಗವಲ್ದಲ್ಲೋ’ ಎನ್ನುತ್ತಿದ್ದರು. ಏಕೀಕರಣವಾದಾಗ ಶಹಾಪುರದಲ್ಲಿ ದೊಡ್ಡ ಸಭೆ ನಡೆಯಿತು. ಆಚೆ ಸೀಮೆಯಿಂದ ಬಂದ ಭಾಷಣಕಾರರೊಬ್ಬರು ನಾಡು, ನುಡಿ, ತಾಯಿ ಎಂದು ಗಂಟಲು ಕಟ್ಟುವವರೆಗೆ ಮಾತಾಡಿದರು. ಮಾಸ್ತರರ ಬೆರಳು ಹೊಸೆಯುತ್ತಲೇ ಇತ್ತು. ಕೊನೆಗೆ ಎದ್ದು ಕೈಮುಗಿದು, ‘ಬಾಳ ಛಲೋ ಮಾತಾಡಿದ್ರಿ. ನಮ್ಮ ಸಾಲಿಗಿ ಕರಿ ಹಲಗಿ ಯಾವಾಗ ಬರ್ತದರಿ?’ ಎಂದರು. ಇದ್ದ ಹಲಗೆ ನಡುವೆ ಸೀಳಿತ್ತು. ಬರೆದ ಪ್ರತಿಯೊಂದು ಪದ ಆ ಸೀಳಿನಲ್ಲಿ ಒಂದಕ್ಷರ ಕಳೆದುಕೊಳ್ಳುತ್ತಿತ್ತು.

ಇನ್ನು ಕಂಬಳಿ.

ಅದು ಹಾಸಿದ ದಿನದ ಖುಷಿಯನ್ನು ನಾನು ಅಲ್ಲಗಳೆಯುವುದಿಲ್ಲ. ಬಾಗಿಲ ಹೊರಗಿನಿಂದ ಹಲಗೆ ಕಾಣುತ್ತಿರಲಿಲ್ಲ. ಒಳಗೆ ಬಂದ ಮೇಲೆ ಕಂಡಿತು. ಆದರೆ ನಮ್ಮವ್ವ ಹೇಳಿ ಕಳಿಸಿದ್ದಳು, ‘ಅಂಚು ದಾಟಬ್ಯಾಡ ಯಪ್ಪಾ, ಕಾಲು ನೆಲಕ್ಕ ತಾಗಸಬ್ಯಾಡ.’ ಹೀಗಾಗಿ ನಾನು ಕಲಿತ ಮೊದಲ ವಿದ್ಯೆ ಮೊಣಕಾಲು ಮಡಚಿ ಕೂಡ್ರುವುದು. ಕಂಬಳಿಯ ನಡುವೆ ಇಲಿ ಕಡಿದ ಒಂದು ತೂತಿತ್ತು, ಅದರಲ್ಲಿ ನೆಲ ಕಾಣುತ್ತಿತ್ತು. ಆ ತೂತಿನ ಮೇಲೆ ನಮ್ಮಲ್ಲಿ ಯಾರ ಬೆರಳೂ ಹೋಗಬಾರದೆಂದು ಊರ ಹುಡುಗರೇ ಕಾಯ್ದೆ ಮಾಡಿದ್ದರು.

ಒಂದು ಮಳೆಗಾಲ ಮಾಳಿಗೆ ಸೋರಿ ಕಂಬಳಿ ತೊಯ್ದಿತು. ಒಣ ಕಂಬಳಿಗೆ ಮೈಲಿಗೆಯಿಲ್ಲ, ಸರಿ. ತೊಯ್ದ ಕಂಬಳಿಗೆ? ನೀರು ಮೈಲಿಗೆ ಹರಿಸುತ್ತದೆ, ಕಂಬಳಿ ತಡೆಯುತ್ತದೆ; ಎರಡೂ ಕೂಡಿದರೆ ಯಾವುದರ ಮಾತು ನಡೆಯಬೇಕು? ಚಾವಡಿಯಲ್ಲಿ ಹಿರಿಯರು ಎಲೆಯಡಿಕೆ ಮೆಲ್ಲುತ್ತಾ ಇದನ್ನು ನಿಜವಾಗಿಯೂ ಚರ್ಚಿಸಿದರು. ಊರಿನ ಅಯ್ಯನವರನ್ನು ಕರೆಸಿದರು. ಅವರೂ ತಲೆ ಕೆರೆದುಕೊಂಡು, ‘ಹಿಂದ ಹಿಂಗ ಯಾರೂ ಕೇಳಿಲ್ರಿ’ ಎಂದರು. ತೀರ್ಮಾನವಾಗುವುದರೊಳಗೆ ಬಿಸಿಲು ಬಿದ್ದು ಕಂಬಳಿ ಒಣಗಿತು. ನಾನು ಆಮೇಲೆ ಎಷ್ಟೋ ಚರ್ಚೆ ಕೇಳಿದ್ದೇನೆ. ಅಷ್ಟು ಶುದ್ಧ ತರ್ಕ, ಅಷ್ಟು ಹುಚ್ಚು ಆಧಾರದ ಮೇಲೆ, ಮತ್ತೆಲ್ಲೂ ಕೇಳಿಲ್ಲ.

ಮಾಸ್ತರರು ಅಂದು ನಗುತ್ತಿದ್ದರು. ನೆನಪಿರಲಿ, ನಗುತ್ತಿದ್ದರು. ಕಂಬಳಿಯ ಉಪಾಯದ ಬಗ್ಗೆ ಅವರಿಗೆ ಆಗಿನ್ನೂ ಅಭಿಮಾನವಿತ್ತು.

ಆಮೇಲೆ ಪುಸ್ತಕದಲ್ಲಿ ‘ಮೂರ್ತ’ ಎಂಬ ಪದ ಬಂತು.

ಹೊಸ ಕನ್ನಡ ಪುಸ್ತಕ. ಅದರೊಳಗಿನ ಪದಗಳು ನಮಗೆಷ್ಟು ಹೊಸವೋ ಮಾಸ್ತರರಿಗೂ ಅಷ್ಟೇ ಹೊಸವು. ಶಹಾಪುರಕ್ಕೆ ಹೋದಾಗ ಯಾರನ್ನೋ ಕೇಳಿಕೊಂಡು ಬಂದಿದ್ದರು. ಹಲಗೆಯ ಮೇಲೆ, ಸೀಳು ತಪ್ಪಿಸಿ, ದೊಡ್ಡದಾಗಿ ಬರೆದು ತಿರುಗಿದರು.

‘ಇದರ ಮತಲಬ್ ಬಾಳ ಸಸಾರ. ಕೈಲೆ ಮುಟ್ಟಾಕ ಬರ್ತದಲ್ಲ, ಅದು ಮೂರ್ತ. ಬರಂಗಿಲ್ಲಲ್ಲ, ಅದು ಅಮೂರ್ತ. ಕಲ್ಲು ಮೂರ್ತ. ಸಿಟ್ಟು ಅಮೂರ್ತ.’

ಹಿಂದಿನಿಂದ ಒಬ್ಬ, ‘ನಿಮ್ಮ ಸಿಟ್ಟು ಬೆನ್ನಿಗಿ ಮುಟ್ತದರಿ ಮಾಸ್ತರ’ ಎಂದ.

‘ಅದು ಸಿಟ್ಟಲ್ಲಲೇ, ಛಡಿ. ಛಡಿ ಮೂರ್ತ. ತೋರಸಲೇನು?’

ಎಲ್ಲರೂ ನಕ್ಕರು. ಒಬ್ಬೊಬ್ಬರು ಒಂದೊಂದು ಮೂರ್ತ ಹೇಳಬೇಕು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಬಾರದು ಎಂದರು. ಪಾಟಿ, ಕುರಿ, ರೊಟ್ಟಿ, ಎತ್ತಿನ ಕೋಡು. ಕಂಬಳಿಯ ತುದಿಯಲ್ಲಿದ್ದ ನನ್ನ ತನಕ ಬರುವಾಗ ಸುಲಭದವೆಲ್ಲ ಖರ್ಚಾಗಿದ್ದವು. ಸುತ್ತ ನೋಡಿದೆ. ಮೂಲೆಯಲ್ಲಿ ಸಾಲಿಯ ಕುಡಿಯುವ ನೀರಿನ ಮಣ್ಣಿನ ಗಡಿಗೆ ಇತ್ತು.

‘ನೀರಿನ ಗಡಿಗಿ’ ಎಂದೆ.

ಗೌಡರ ಮಗ ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ತಪ್ಪು ಲೆಕ್ಕ ತಿದ್ದುವವನ ಹಾಗೆ ಹೇಳಿದ. ‘ಅದು ನಿನಗ ಮೂರ್ತ ಅಲ್ಲಲೇ. ನನಗ ಮೂರ್ತ.’

ಇವತ್ತು ಚರ್ಚಾಕೂಟದ ನಿರ್ಣಾಯಕನಾಗಿ ಕೂತರೆ ಆ ಹುಡುಗನಿಗೆ ಪೂರ್ತಿ ಅಂಕ ಕೊಡುತ್ತೇನೆ. ಮುಟ್ಟಲು ಬರುವುದು ಮೂರ್ತ ಎಂದು ಮಾಸ್ತರರೇ ಹೇಳಿದ್ದಾರೆ. ಗಡಿಗೆ ನನಗೆ ಮುಟ್ಟಲು ಬರುವುದಿಲ್ಲವೆಂಬುದು ಇಡೀ ಊರಿಗೆ ಗೊತ್ತು. ಎಂದಮೇಲೆ ಆ ಗಡಿಗೆ ನನ್ನ ಪಾಲಿಗೆ ಸಿಟ್ಟು, ಗಾಳಿ, ದೆವ್ವಗಳ ಸಾಲಿನದು. ಎಲ್ಲಿದೆ ತಪ್ಪು?

ಮಾಸ್ತರರ ಬೆರಳು ಹೊಸೆಯತೊಡಗಿತು. ಬಹಳ ಹೊತ್ತು ಹೊಸೆಯಿತು. ಆಮೇಲೆ ನನ್ನ ಕಡೆ ಕೈ ತೋರಿಸಿ ಗೌಡರ ಮಗನನ್ನು ಕೇಳಿದರು. ‘ಗಡಿಗಿ ಇರ್ಲಿ. ಈ ಹುಡುಗ? ಇಂವಾ ಮೂರ್ತನೋ, ಅಮೂರ್ತನೋ?’

ಅವನು ನನ್ನನ್ನು ನೋಡಿದ. ನಾನು ಕೂತ ಜಾಗ ನೋಡಿದ. ‘ಕಂಬಳಿ ಮ್ಯಾಲಿದ್ರ ಮೂರ್ತರಿ’ ಎಂದ.

ಬೆರಳು ನಿಂತಿತು.

‘ಏಳ್ರಿ’ ಎಂದರು ಮಾಸ್ತರರು. ‘ಎಲ್ಲಾರೂ ಏಳ್ರಿ.’

ಎದ್ದೆವು. ಅವರು ಬಗ್ಗಿ ಒಂದು ಮೂಲೆ ಹಿಡಿದು ಕಂಬಳಿಯನ್ನು ಎಳೆದುಕೊಂಡರು. ಧೂಳು ಎದ್ದಿತು. ಅಡಿಯಲ್ಲಿ ಕಳೆದುಹೋಗಿದ್ದ ಬಳಪದ ಚೂರುಗಳು, ಹುಣಸೆ ಬೀಜಗಳು ಬಿದ್ದಿದ್ದವು. ಮಡಚಿ, ಹೆಗಲಿಗೆ ಹಾಕಿಕೊಂಡು, ‘ಈಗ ಕೂಡ್ರಿ’ ಎಂದರು.

ಯಾರೂ ಕೂಡಲಿಲ್ಲ. ನಾನೂ ಕೂಡಲಿಲ್ಲ.

‘ನಿಂತs ಕಲೀತೀರೇನು? ಕಲೀರಿ. ನಾನೂ ನಿಂತಿರ್ತೀನಿ.’ ತಮ್ಮ ಕುರ್ಚಿಯನ್ನು ಎತ್ತಿ ಬಾಗಿಲ ಹೊರಗಿಟ್ಟರು. ಮಧ್ಯಾಹ್ನ ಸಾಲಿ ಬಿಡುವವರೆಗೆ ಇಡೀ ಸಾಲಿ ನಿಂತುಕೊಂಡು ಮಗ್ಗಿ ಹೇಳಿತು. ಹೆಗಲ ಮೇಲೆ ಕಂಬಳಿ ಹೊತ್ತು ಮಾಸ್ತರರು ಬೆವರುತ್ತಾ ನಿಂತಿದ್ದರು, ಅದನ್ನು ಕೆಳಗಿಡಲಿಲ್ಲ.

ಮರುದಿನದಿಂದ ಊರ ಮಕ್ಕಳು ಬರಲಿಲ್ಲ. ಬಂದವರು ನಮ್ಮ ಕೇರಿಯ ಕೆಲವರಷ್ಟೇ. ನಮ್ಮವ್ವ ಸಿಟ್ಟಿಗೆದ್ದಳು, ಗೌಡರ ಮೇಲಲ್ಲ, ಮಾಸ್ತರರ ಮೇಲೆ. ‘ಒಳಗರ ಕುಂತಿದ್ದಿ. ಈಗ ಸಾಲೀನ ಮುಚ್ಚಿದ್ರ ಏನ ಮಾಡ್ತಿ? ಅವ್ರಿಗೇನು, ಪಗಾರ ಬರ್ತದ. ನೀ ಮತ್ತ ನನ್ನ ಸಂಗಾಟ ಹೊಲಕ್ಕ ಕಳೆ ಕೀಳಾಕ ಬರ್ತಿ.’ ಮಾಸ್ತರರ ವಿರುದ್ಧ ನಾನು ಕೇಳಿದ ವಾದಗಳಲ್ಲಿ ಗಟ್ಟಿಯಾದದ್ದು ಇದೊಂದೇ. ಆಗ ನನಗೆ ಉತ್ತರ ತಿಳಿದಿರಲಿಲ್ಲ. ಮಾಸ್ತರರಿಗೂ ತಿಳಿದಿತ್ತೆಂದು ಅನ್ನಿಸುವುದಿಲ್ಲ. ಆದರೂ ಪ್ರತಿದಿನ ಬೆಳಿಗ್ಗೆ ಖಾಲಿ ಬಯಲಿಗೆ ಮುಖ ಮಾಡಿ ಲೊಚಗುಟ್ಟುತ್ತಿದ್ದರು. ಬರದ ಮಕ್ಕಳಿಗೂ ಕೇಳಲಿ ಎಂಬಂತೆ ಜೋರಾಗಿ.

ಅಂಥದ್ದೊಂದು ದಿನ, ಬಾಗಿಲು ಪೂರಾ ತೆರೆದಿರುವಾಗ, ಎದುರು ಚಾವಡಿಯ ಕಟ್ಟೆಯ ಮೇಲೆ ಗೌಡರು ಕೂತಿರುವಾಗ, ಮಾಸ್ತರರು ನನ್ನ ಕಡೆ ತಿರುಗಿ, ‘ನೀರ ಕೊಡಲೇ’ ಎಂದರು.

ನಾನು ಅವರ ಮುಖ ನೋಡಿದೆ. ಅವರು ಪುಸ್ತಕ ನೋಡುತ್ತಿದ್ದರು. ಹೋದೆ. ಗಡಿಗೆಯ ಕುತ್ತಿಗೆ ಹಿಡಿದೆ, ಬಗ್ಗಿಸಿದೆ, ತಂಬಿಗೆಗೆ ನೀರು ತುಂಬಿ ಕೊಟ್ಟೆ. ಅವರು ಬಾಗಿಲಿಗೆ ಹೋಗಿ ನಿಂತು, ಗಟಗಟ ಕುಡಿದು, ಮೀಸೆ ಒರೆಸಿಕೊಂಡರು.

‘ಹ್ಯಾಂಗಿತ್ತೋ ಗಡಿಗಿ?’

‘ತಣ್ಣಗಿತ್ರಿ.’

‘ಹಾಂ. ಮೂರ್ತ.’

ಗೌಡರ ತಕರಾರು ತಾಲೂಕಿಗೆ ಹೋಯಿತು. ಸಾಲಿ ಇನ್‌ಸ್ಪೆಕ್ಟರ್ ಸಾಹೇಬರು ಮಧ್ಯಾಹ್ನದ ಬಿಸಿಲಲ್ಲಿ ಬಂದು ಚಾವಡಿಯ ನೆರಳಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ ಕೂತರು. ನಾವು ಸಾಲಿಯ ಬಾಗಿಲಿಂದ ಕೇಳುತ್ತಿದ್ದೆವು.

ಗೌಡರು ಹೇಳಿದರು, ‘ನೋಡ್ರಿ ಸಾಹೇಬ್ರ, ನಾವೇನು ಆ ಹುಡುಗ್ರನ್ನ ಬ್ಯಾಡ ಅಂದಿಲ್ಲ. ಕಂಬಳಿ ಅವ್ರs ತಂದ್ರು, ನಾವು ಒಪ್ಪಿದ್ವಿ. ಎಲ್ಲಾ ಸುರಳೀತ ನಡದಿತ್ತು. ಈಗ ಅವ್ರs ಕಿತ್ಯಾರ. ಯಾಕ ಕಿತ್ತಿರಿ, ಕೇಳ್ರಿ.’

ಕೇಳಿದರು. ಮಾಸ್ತರರು ಕೈಕಟ್ಟಿ ನಿಂತು, ‘ಕಂಬಳಿ ನಮ್ಮವ್ವಂದರಿ. ಆಕಿಗಿ ಚಳಿ ಹತ್ಯಾದ’ ಎಂದರು.

‘ಈ ಬಿಸಿಲಾಗ?’ ಎಂದರು ಗೌಡರು.

‘ವಯಸ್ಸಾಗ್ಯಾದರಿ ಗೌಡ್ರ.’

‘ಬ್ಯಾರೆ ಕಂಬಳಿ ನಾ ಕೊಡಸ್ತೀನಿ ಆಕಿಗಿ.’

‘ಅದs ಬೇಕಂತರಿ. ಬಾಳ ಹಟಮಾರಿ ಮುದುಕಿ.’

ಇನ್‌ಸ್ಪೆಕ್ಟರ್ ಸಾಹೇಬರು ಮಾಸ್ತರರನ್ನು ನೋಡಿದರು, ಗೌಡರನ್ನು ನೋಡಿದರು. ‘ಹಾಗಾದರೆ ನಾನು ಏನಂತ ಬರೆಯಲಿ?’

‘ಮುಟ್ಟಿಸಿಕೊಳ್ಳಂಗಿಲ್ಲ ಅನ್ನೂದು ಗುನ್ಹೆ ಅಂತ ಈಗ ಕಾಯ್ದಾ ಬಂದಾದಲ್ರಿ, ಅದನ್ನs ಬರೀರಿ. ಅದರ ಕೆಳಗ ಗೌಡ್ರು ತಮ್ಮ ತಕರಾರಿಗಿ ರುಜು ಮಾಡ್ತಾರ.’

ಗೌಡರು ರುಜು ಮಾಡಲಿಲ್ಲ. ಸಾಹೇಬರು ಮಜ್ಜಿಗೆ ಕುಡಿದು ಹೋದರು. ಬದಲಿ ಹುಕುಂ ಬಂದೇ ಬರುತ್ತದೆ ಎಂದು ಊರು ಮಾತಾಡಿತು. ಮಾಸ್ತರರು ಅರಿವೆ ಅಂಚಡಿ ಎಲ್ಲ ತಗಡಿನ ಟ್ರಂಕಿಗೆ ತುಂಬಿ, ಟ್ರಂಕನ್ನು ಸಾಲಿಯ ಬಾಗಿಲಿಗೇ ತಂದಿಟ್ಟರು. ‘ಹುಕುಂ ಬಂದ ದಿನ ಹೋಗ್ತೀನಿ. ಬರೂತನ ಕಲೀಬೇಕು’ ಎಂದು ನಮಗೆ ಮೊದಲಿಗಿಂತ ಎರಡು ಪಟ್ಟು ಬರೆಸಿದರು. ಹುಕುಂ ಬರಲಿಲ್ಲ. ಟ್ರಂಕು ಅಲ್ಲೇ ಉಳಿದು ನಮಗೆ ಕೂಡ್ರುವ ಬೆಂಚಾಯಿತು.

ತಾಯಿಯ ಚಳಿಯ ಬಗ್ಗೆ ನನ್ನ ಬಳಿ ಸಾಕ್ಷಿಯಿದೆ. ಮುಂದೆ ಒಮ್ಮೆ ಮಾಸ್ತರರ ಊರಿಗೆ ಹೋಗಿದ್ದೆ. ಮುದುಕಿ ಅಂಗಳದಲ್ಲಿ ಕದಿರು ತಿರುವುತ್ತಾ ನೂಲು ತೆಗೆಯುತ್ತಿದ್ದಳು. ಹಿಂದೆ ಗೋಡೆಗೆ ಕಂಬಳಿಗಳು ಆಳೆತ್ತರ ಒಟ್ಟಿದ್ದವು. ಚಳಿಯ ಮಾತು ಕೇಳಿದೆ. ‘ನನಗ್ಯಾಕ ಚಳಿ?’ ಎಂದಳು. ‘ನಮ್ಮ ಮನ್ಯಾಗ ಕಂಬಳಿಗೇನು ಬರ ಬಂದಿತ್ತು? ಹಂಗಂದಾನಾ ಅವ? ಸುಳ್ಳ ಹೇಳಾಕ ನನ್ನs ಸಿಕ್ಕಿನೇನು ಅವಗ?’ ಬೈಯುತ್ತಾ ಬೈಯುತ್ತಾ ನಕ್ಕಳು.

ಊರ ಮಕ್ಕಳು ವಾಪಸು ಬಂದದ್ದು ನಿಜ. ಮನಸ್ಸು ಕರಗಿ ಬಂದರು ಎಂಬುದನ್ನು ನಾನು ಒಪ್ಪುವುದಿಲ್ಲ. ಚಾವಡಿಯ ಕಾಗದಗಳೆಲ್ಲ ಉರ್ದುವಿನಿಂದ ಕನ್ನಡಕ್ಕೆ ತಿರುಗುತ್ತಿದ್ದವು. ಗೌಡರಿಗೆ ಉರ್ದು ಮಾತ್ರ ಓದಲು ಬರುತ್ತಿತ್ತು. ಓದಿ ಹೇಳಲು ಮನೆಯಲ್ಲೊಬ್ಬ ಬೇಕಾಗಿತ್ತು. ಮಳೆ ಹಿಡಿಯುವ ಹೊತ್ತಿಗೆ ಅವರ ಮಗ ಬಂದ, ಅವನ ಹಿಂದೆ ಉಳಿದವರು ಬಂದರು. ಗೌಡರ ಮಗ ಬಂದವನೇ ನನ್ನ ಪಕ್ಕ ಬರಿ ನೆಲದ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಕಿವಿಯಲ್ಲಿ ಹೇಳಿದ, ‘ಕಂಬಳಿಗಿಂತ ಇದs ಬೇಸಿ ನೋಡಲೇ. ಅದು ತೊಡಿಗಿ ಬಾಳ ಚುಚ್ಚತಿತ್ತು.’

ಕಾಲೇಜು ಸೇರಿ ಒಂದೆರಡು ಬಹುಮಾನ ಗೆದ್ದ ಸೊಕ್ಕಿನಲ್ಲಿ ನಾನು ಮಾಸ್ತರರನ್ನೇ ಕಟಕಟೆಗೆ ಹತ್ತಿಸಿದೆ. ‘ನೀವು ಕಂಬಳಿ ತಂದದ್ದs ತಪ್ಪರಿ. ಮೈಲಿಗಿ ಅದ ಅಂತ ಒಪ್ಪಿಕೊಂಡಂಗ ಆತು. ಉಣ್ಣಿ ಶುದ್ಧ ಅಂದ್ರಿ, ಹುಡುಗ ಶುದ್ಧ ಅನ್ನಲಿಲ್ಲ.’

ಅವರು ಬೆರಳು ಹೊಸೆದರು. ನನ್ನ ಮಾತು ಗಟ್ಟಿಯಿತ್ತೆಂದು ಕಾಣುತ್ತದೆ, ಬೇಗ ನಿಲ್ಲಿಸಿದರು. ‘ಖರೇ. ನಿನ್ನ ಒಳಗ ತರಬೇಕಾಗಿತ್ತಪ, ಅಷ್ಟs ನನ್ನ ತಲ್ಯಾಗಿತ್ತು. ಆಮ್ಯಾಲ ತೆಗದ್ರಾತು ಅನ್ಕೊಂಡೆ.’

‘ಎರಡು ಮಳಿಗಾಲ ತಡಾ ಮಾಡಿದ್ರಿ.’

‘ಮಾಡಿದೆ. ಎಲ್ಲಾರೂ ಶಾಣ್ಯಾ ಮಾಸ್ತರ ಅಂದ್ರು. ಗೌಡ್ರು ಮನಿಗಿ ಕರದು ಊಟಕ್ಕ ಹಾಕಿದ್ರು. ನನಗೂ ಛಲೋ ಅನಿಸ್ತಿತ್ತು. ಆ ಗೌಡ್ರ ಹುಡುಗ ಹಂಗ ಅನ್ನದಿದ್ರ ಇನ್ನಷ್ಟು ದಿನ ಅನಿಸ್ತಿತ್ತೇನೋ.’

ಅವರ ಬಗ್ಗೆ ನನಗಿರುವ ಗೌರವ ಕಂಬಳಿ ಹಾಸಿದ ದಿನದ್ದಲ್ಲ, ಅದನ್ನು ಹೆಗಲ ಮೇಲೆ ಹೊತ್ತು ಬೆವರಿದ ದಿನದ್ದು. ಹಾಸಿದಾಗ ಊರೆಲ್ಲ ಹೊಗಳಿತು. ತೆಗೆದಾಗ ನಮ್ಮವ್ವ ಕೂಡ ಬೈದಳು. ಅವರು ಯಾವುದನ್ನು ಮಾಡಲು ಹೆಚ್ಚು ಗಟ್ಟಿಯಾಗಿರಬೇಕಿತ್ತೆಂದು ಹೇಳಲು ಚರ್ಚಾಕೂಟ ಬೇಕಿಲ್ಲ.

ಈ ಸಲದ ಸುಗ್ಗಿ ಮುಗಿಯುವ ಹೊತ್ತಿಗೆ ಮಾಸ್ತರರು ತೀರಿಕೊಂಡರು. ಊರವರು ಚಾವಡಿಯಲ್ಲಿ ಸಭೆ ಸೇರಿಸಿದರು. ನಾನು ಗುಲಬರ್ಗಾದಿಂದ ಬಂದು ಮುಟ್ಟುವಾಗ ಸಭೆ ಶುರುವಾಗಿತ್ತು. ಗೌಡರಿಗೆ ಈಗ ವಯಸ್ಸಾಗಿದೆ. ಕಟ್ಟೆಯ ಮೇಲೆ ಕೂತು ಕಂಬಳಿಯ ಕಥೆ ಹೇಳುತ್ತಿದ್ದರು, ನಾನು ಮೊದಲಲ್ಲಿ ಬರೆದೆನಲ್ಲ, ಹಾಗೇ. ತಾಯಿಯ ಚಳಿಯ ಹತ್ತಿರ ಬಂದಾಗ ಅವರ ಕಣ್ಣಲ್ಲಿ ನೀರು ಬಂತು. ಅದು ನಾಟಕದ ನೀರಾಗಿರಲಿಲ್ಲ. ತಾವು ಹೇಳುತ್ತಿರುವುದನ್ನು ಅವರು ಈಗ ನಂಬಿದ್ದಾರೆ.

ನನ್ನನ್ನು ಕಂಡು ಕೈ ಮಾಡಿ ಕರೆದರು. ‘ಬರ್ರಿ, ಬರ್ರಿ. ಮ್ಯಾಲ ಬರ್ರಿ. ನಮ್ಮ ಮಾಸ್ತರರ ಕೈಯಾಗ ಕಲ್ತವರು. ನೀವs ನಾಕ ಮಾತ ಹೇಳ್ರಿ, ಕಂಬಳಿ ಮ್ಯಾಲ ಕುಂತು ಕಲ್ತಿದ್ದು.’ ಹಿಂದೆ ‘ಏ ಹುಡುಗಾ’ ಎನ್ನುತ್ತಿದ್ದ ಬಾಯಿ. ಆಮೇಲೆ ಮಗನಿಗೆ ಹೇಳಿದರು, ‘ಏ, ಕಾಲೇಜಿನವರಿಗಿ ಒಂದು ಕಂಬಳಿ ಹಾಸೋ.’

ಬಂದವರಿಗೆ ಕಂಬಳಿ ಹಾಸುವುದು ನಮ್ಮ ಕಡೆ ಮರ್ಯಾದೆ. ಅದನ್ನು ನಾನು ಒಪ್ಪುತ್ತೇನೆ. ಗೌಡರ ಮಗ ಓಡಿ ಹೋಗಿ ತಂದ, ಕಟ್ಟೆಯ ಮೇಲೆ ಗೌಡರ ಪಕ್ಕದಲ್ಲೇ ಹಾಸಿದ, ಅಂಚು ಎಳೆದು ಸರಿ ಮಾಡಿದ. ಹೊಸ ಕಂಬಳಿ, ಸಣ್ಣ ನೂಲು, ನೇಯುವಾಗ ಹಚ್ಚಿದ ಹುಣಸೆ ಬೀಜದ ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ಕಟ್ಟೆಯ ಮೇಲೆ ಸುರಪುರದಿಂದ ಬಂದ ಮಾಸ್ತರುಗಳಿದ್ದರು, ಅಯ್ಯನವರಿದ್ದರು, ಊರ ಹಿರಿಯರಿದ್ದರು, ಗೌಡರಿದ್ದರು. ಅವರೆಲ್ಲ ಬರಿ ಕಲ್ಲಿನ ಮೇಲೆ ಕೂತಿದ್ದರು.

ನಾನು ಕಟ್ಟೆ ಹತ್ತಿದೆ. ಕೂಡಲಿಲ್ಲ. ಬಗ್ಗಿ ಕಂಬಳಿಯ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದೆ. ಗೌಡರ ಮಗ ನನ್ನ ಕೈಯನ್ನೇ ನೋಡುತ್ತಿದ್ದ.

‘ಗೌಡ್ರ, ಇದನ್ನ ತಗದು ನಿಮ್ಮ ಬಾಜೂಕ ಕಲ್ಲಿನ ಮ್ಯಾಲ ಕೂಡ್ಲೇನ್ರಿ?’